ದೊಡ್ಡ ಶಸ್ತ್ರಕ್ರಿಯೆಯ ತರುವಾಯ

ಜಠರದ ಹಿಂದೆ ಅಡಗಿ ಮಲಗಿರುವ ಮೇದೋಜೀರಕ ಗ್ರಂಥಿಯು, ರೋಗ ತಗಲುವವರೆಗೆ ಯಾರ ನೆನಪಿಗೂ ಬರುವುದಿಲ್ಲ. ಅದರ ತಲೆಯ ಭಾಗದಲ್ಲಿ ಗಡ್ಡೆ ಬೆಳೆದಾಗ ಮಾಡುವ ಶಸ್ತ್ರಕ್ರಿಯೆಗೆ ಅಮೆರಿಕದ ಅಲೆನ್ ವಿಪಲ್ ಅವರ ಹೆಸರು ನಿಂತಿದೆ. 1935ರಲ್ಲಿ ಅವರು ಅದರ ವಿವರಗಳನ್ನು ಪ್ರಕಟಿಸಿದರು. ಗ್ರಂಥಿಯ ತಲೆ, ಸಣ್ಣ ಕರುಳಿನ ಮೊದಲ ಭಾಗ, ಪಿತ್ತಕೋಶ, ಪಿತ್ತನಾಳದ ತುದಿ ಇವಿಷ್ಟನ್ನೂ ತೆಗೆದು, ಉಳಿದುದನ್ನು ಕರುಳಿಗೆ ಹೊಸದಾಗಿ ಹೊಲಿಯಬೇಕು. ಒಂದು ಕಾಲಕ್ಕೆ ನಾಲ್ವರಲ್ಲಿ ಒಬ್ಬರನ್ನು ಬಲಿಗೊಳ್ಳುತ್ತಿದ್ದ ಈ ಚಿಕಿತ್ಸೆಯಲ್ಲಿ, ಇಂದು ಅನುಭವಿ ಆಸ್ಪತ್ರೆಗಳಲ್ಲಿ ಸಾವು ನೂರಕ್ಕೆ ಐದಕ್ಕಿಂತಲೂ ಕಡಿಮೆ. ಶಸ್ತ್ರವೈದ್ಯರ ಕೈಚಳಕದಷ್ಟೇ ಹಾಸಿಗೆಯ ಪಕ್ಕದ ಎಚ್ಚರವೂ ಇದಕ್ಕೆ ಕಾರಣ.

ರೋಗಿಯ ಹೊಟ್ಟೆಯಿಂದ ಹೊರಬಂದಿರುವ ಕೊಳವೆಯನ್ನು ಕಂಡು ನೆಂಟರು ಮುಖ ತಿರುಗಿಸುವರು. ದಾದಿಯ ಕಣ್ಣು ಮಾತ್ರ ಅಲ್ಲಿಯೇ ಇರುತ್ತದೆ. ಗ್ರಂಥಿಯ ರಸವು ಮಾಂಸವನ್ನೇ ಕರಗಿಸಬಲ್ಲದು. ಹೊಲಿಗೆಯ ಬಳಿ ಸೋರಿದರೆ ಪಕ್ಕದ ರಕ್ತನಾಳವನ್ನೂ ಕೊರೆಯಬಲ್ಲದು. ಆದುದರಿಂದ ದ್ರವದ ಅಳತೆಯನ್ನೂ ಬಣ್ಣವನ್ನೂ ಆಕೆ ಬರೆದಿಡುತ್ತಾಳೆ. ಮೂರನೆಯ ದಿನದ ಸುಮಾರಿಗೆ ಅದರಲ್ಲಿರುವ ಅಮೈಲೇಸನ್ನು ಪರೀಕ್ಷಿಸುವುದೂ ಉಂಟು. ಕೆಲವು ದಿನಗಳು ಕಳೆದು ಎಲ್ಲರೂ ನಿಟ್ಟುಸಿರು ಬಿಟ್ಟ ಮೇಲೆ ಕೊಳವೆಯಲ್ಲಿ ಕಾಣುವ ತುಸು ಹೊಸ ರಕ್ತವು ಭಾರೀ ರಕ್ತಸ್ರಾವದ ಮುನ್ಸೂಚನೆಯಾಗಿರಬಹುದು. ‘ಇಷ್ಟೇ ತಾನೆ, ಬೆಳಗಾಗಲಿ’ ಎನ್ನತಕ್ಕುದಲ್ಲ. ನಡುರಾತ್ರಿಯಾದರೂ ವೈದ್ಯರನ್ನು ಕರೆಯಿಸಬೇಕು.

ನೋವು ಶಮನಗೊಳಿಸಿ, ಮರುದಿನದಿಂದಲೇ ರೋಗಿಯನ್ನು ಕುಳ್ಳಿರಿಸಿ, ದೀರ್ಘ ಉಸಿರು ತೆಗೆಯಿಸಿ, ನಾಲ್ಕು ಹೆಜ್ಜೆ ನಡೆಸುವರು. ಇದು ನಿರ್ದಯೆಯೆಂದು ಮನೆಯವರಿಗೆ ತೋರಬಹುದು. ಆದರೆ ಶ್ವಾಸಕೋಶದಲ್ಲಿ ಕಫ ಕಟ್ಟದಂತೆ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯಲು ಇದೇ ದಾರಿ.

ಮನೆಗೆ ಬಂದ ಮೇಲೆ ತೊಡಕಿರುವುದು ಊಟದಲ್ಲಿ. ಸೊರಗಿದ ಜೀವಕ್ಕೆ ತುಪ್ಪ ಬಡಿಸುವ ಅಕ್ಕರೆ ನಮ್ಮ ಮನೆಗಳಲ್ಲಿ ಬಹಳ. ಜಠರ ಇನ್ನೂ ನಿಧಾನವಾಗಿ ಬರಿದಾಗುತ್ತಿರುವಾಗ ಅದು ವಾಂತಿಯಲ್ಲಿ ಮುಗಿಯಬಹುದು. ದಿನಕ್ಕೆ ಐದಾರು ಸಲ, ಸ್ವಲ್ಪ ಸ್ವಲ್ಪವೇ ಮೇಲು. ಜೀರ್ಣರಸದ ಕ್ಯಾಪ್ಸೂಲ್ ಕೊಟ್ಟಿದ್ದರೆ ಅದನ್ನು ಮೊದಲ ತುತ್ತಿನೊಡನೆಯೇ ನುಂಗಬೇಕು, ಊಟವಾದ ಮೇಲೆ ನೆನಪಾಗಿ ಅಲ್ಲ. ಇವು ಸಾಮಾನ್ಯವಾಗಿ ಹಂದಿಯ ಗ್ರಂಥಿಯಿಂದ ತಯಾರಾದವು. ಸಸ್ಯಾಹಾರಿಗಳು ಗುಟ್ಟಾಗಿ ಬಿಟ್ಟುಬಿಡುವ ಬದಲು ವೈದ್ಯರೊಡನೆ ಬಾಯಿಬಿಟ್ಟು ಮಾತಾಡುವುದು ಲೇಸು. ಮಲವು ಜಿಡ್ಡಾಗಿ, ದುರ್ವಾಸನೆಯಿಂದ ಕೂಡಿ ನೀರಿನ ಮೇಲೆ ತೇಲಿದರೆ ಔಷಧಿಯ ಪ್ರಮಾಣ ಸಾಲದಿರಬಹುದು. ಇದನ್ನು ಹೇಳಲು ರೋಗಿ ನಾಚುವನು. ಮನೆಯಾಕೆಯೇ ಕೇಳಿ ತಿಳಿಯಬೇಕು. ರಕ್ತದ ಸಕ್ಕರೆಯನ್ನೂ ಆಗಾಗ ನೋಡಿಸುತ್ತಿರಬೇಕು, ಏಕೆಂದರೆ ಇನ್ಸುಲಿನ್ ಹುಟ್ಟುವುದೂ ಇದೇ ಗ್ರಂಥಿಯಲ್ಲಿ.