ಕುಣಿಯುವ ಮೈಯೂ ದುಡಿಯುವ ಮೈಯೇ



ಯುರೋಪಿನ ಬ್ಯಾಲೆ ನೃತ್ಯವನ್ನು ನಾನು ನೋಡಿರುವುದು ಟಿ.ವಿ.ಯಲ್ಲಿ ಮಾತ್ರ. ಬಿಳಿಯ ಉಡುಪಿನ ಹುಡುಗಿಯರು ಕಾಲ್ಬೆರಳ ತುದಿಯ ಮೇಲೆ ನಿಂತು, ಮೈಗೆ ಭಾರವೇ ಇಲ್ಲವೇನೋ ಎಂಬಂತೆ ತೇಲುತ್ತಿದ್ದರು. ನಾನೂ ಮೆಚ್ಚಿ ನೋಡಿದೆ. ಆ ಪಾದಗಳಿಗೆ ಏನಾಗುತ್ತಿರಬಹುದೆಂದು ಆಗ ಯೋಚಿಸಲೇ ಇಲ್ಲ.

ಅವರು ತೊಡುವ ಶೂಗಳ ತುದಿಯನ್ನು ಬಟ್ಟೆ, ಕಾಗದದ ಪದರಗಳಿಗೆ ಅಂಟು ಹಾಕಿ ಗಟ್ಟಿ ಮಾಡಿರುತ್ತಾರೆ. ಇಡೀ ಮೈಭಾರ ಆ ತುದಿಯ ಮೇಲೆ. ಬೊಬ್ಬೆ ಏಳುತ್ತದೆ, ಉಗುರು ಕಿತ್ತುಬರುತ್ತದೆ, ರಕ್ತ ಸೋರುತ್ತದೆ. ಹೊರಗೆ ಕಾಣುವುದು ನುಣುಪು ಬಟ್ಟೆ, ಮುಖದ ಮೇಲಿನ ನಗು. ಈ ಶೂ ಸಾಮಾನ್ಯವಾಗಿ ಹೆಣ್ಣಿಗೆ ಮಾತ್ರ. ಅವಳನ್ನು ಎತ್ತಿ ಹಿಡಿಯುವವನು ಗಂಡು. ಹಾಗಾಗಿ ಅವಳು ಹಗುರವಾಗಿರಬೇಕು, ಅಂದರೆ ಕಡಿಮೆ ಉಣ್ಣಬೇಕು.

ಕಡಿಮೆ ಉಂಡು ಹೆಚ್ಚು ದುಡಿದರೆ ಮೈ ಏನು ಮಾಡೀತು? ಮುಟ್ಟು ನಿಲ್ಲುತ್ತದೆ, ಮೂಳೆ ಸವೆಯುತ್ತದೆ. ಅಮೆರಿಕದ ನರ್ತಕಿ ಮಿಸ್ಟಿ ಕೋಪ್‌ಲ್ಯಾಂಡ್ 19ರ ವಯಸ್ಸಿನಲ್ಲಿ ಬೆನ್ನುಮೂಳೆ ಬಿರುಕುಬಿಟ್ಟು ವೈದ್ಯರ ಬಳಿ ಹೋದಾಗ ಅವರಿಗಿನ್ನೂ ಮುಟ್ಟೇ ಆಗಿರಲಿಲ್ಲ. ವೈದ್ಯರು ಕೊಟ್ಟ ಮಾತ್ರೆಯಿಂದ ಮೈ ತುಂಬಿಕೊಂಡಿತು. ಆಗ ನೃತ್ಯಸಂಸ್ಥೆಯವರು ಅವರ ಮೈ 'ಉದ್ದವಾಗಬೇಕು' ಎಂದರಂತೆ. ತೂಕ ಇಳಿಸು ಎನ್ನುವುದಕ್ಕೆ ಅಲ್ಲಿನ ನಯದ ಮಾತು ಅದು. 2015ರಲ್ಲಿ ಅದೇ ಸಂಸ್ಥೆಯಲ್ಲಿ ಅವರು ಪ್ರಧಾನ ನರ್ತಕಿಯಾದರು. ಅಲ್ಲಿ ಆ ಸ್ಥಾನಕ್ಕೇರಿದ ಮೊದಲ ಕಪ್ಪು ಮಹಿಳೆ.

"ಇಷ್ಟಪಟ್ಟೇ ಕುಣಿಯುತ್ತಾರಲ್ಲ, ಬಲವಂತ ಎಲ್ಲಿದೆ?" ಎಂದು ಕೇಳುವವರಿದ್ದಾರೆ. ಕುಣಿತವನ್ನು ಇಷ್ಟಪಡುವುದು ಬೇರೆ, ಹಸಿವನ್ನು ಇಷ್ಟಪಡುವುದು ಬೇರೆ. ಒಪ್ಪದಿದ್ದರೆ ಪಾತ್ರವಿಲ್ಲ, ಸಂಬಳವಿಲ್ಲ ಎಂದಾದ ಮೇಲೆ ಹಸಿವು ಕೆಲಸದ ಷರತ್ತೇ ಆಯಿತು.

2003ರಲ್ಲಿ ಮಾಸ್ಕೋದ ಬೊಲ್ಶೊಯ್ ಥಿಯೇಟರ್ ಅನಸ್ತಾಸಿಯಾ ವೊಲೊಚ್ಕೊವಾ ಎಂಬ ನರ್ತಕಿಯನ್ನು ಕೆಲಸದಿಂದ ತೆಗೆಯಿತು. ಗಂಡಸರು ಎತ್ತಲಾರದಷ್ಟು ಭಾರ ಎಂಬ ಮಾತು ಹಬ್ಬಿತು. ಅವರು ನಾಚಿ ತಲೆ ತಗ್ಗಿಸಲಿಲ್ಲ, ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಅವರನ್ನು ಮರಳಿ ಕೆಲಸಕ್ಕೆ ತೆಗೆದುಕೊಳ್ಳಬೇಕೆಂದು ಅದೇ ವರ್ಷ ತೀರ್ಪು ಬಂತು.

ಆ ತೀರ್ಪಿನ ಸುದ್ದಿ ಓದಿದಾಗ ನನಗೆ ಹೊಳೆದದ್ದಿಷ್ಟು: ವೇದಿಕೆಯ ಮೇಲೆ ಹೂವಿನಂತೆ ತೇಲುವವಳೂ ದುಡಿಯುವ ಹೆಣ್ಣೇ. ಉಣ್ಣುವ, ದಣಿವಾರಿಸಿಕೊಳ್ಳುವ, ನೋವಾದಾಗ ನೋವೆಂದು ಹೇಳುವ ಹಕ್ಕು ಅವಳಿಗೂ ಇದೆ. ಕಲೆ, ತ್ಯಾಗ, ಸೌಂದರ್ಯ ಎಂಬ ದೊಡ್ಡ ಮಾತುಗಳು ಆ ಹಕ್ಕನ್ನು ಮುಚ್ಚಿಬಿಡುತ್ತವೆ.

ಮುಂದಿನ ವಾರದ ಸಭೆಯಲ್ಲಿ ಲೆಕ್ಕದ ಪುಸ್ತಕ ಮುಚ್ಚಿದ ಮೇಲೆ ಒಂದು ಗಳಿಗೆ ಕುಳಿತು ಕೇಳಿಕೊಳ್ಳೋಣ: ನಮ್ಮ ಮೈಯ ನೋವನ್ನು ಯಾವ ದೊಡ್ಡ ಮಾತು ಮುಚ್ಚಿಟ್ಟಿದೆ?

– ಸಂಪಾದಕಿ