ಪದ ಹಂಚಿಕೊಂಡ ಮಾತ್ರಕ್ಕೆ ನೆಂಟಸ್ತಿಕೆಯಲ್ಲ

ಮಲಯ ಮತ್ತು ಒಡಿಯಾ ಒಂದೇ ಮೂಲದ ಭಾಷೆಗಳೆಂದು ವಾದಿಸಿದ ಲೇಖನವನ್ನು ಒಪ್ಪಲಾಗದು. ಬಹಾಸಾ, ಗುರು, ನೆರಾಕಾ, ದೋಸಾ ಎಂಬ ಮಲಯ ಪದಗಳನ್ನು ಲೇಖಕರು ಸಾಕ್ಷಿಗೆ ನಿಲ್ಲಿಸಿದ್ದಾರೆ. ಇವೆಲ್ಲ ಸಂಸ್ಕೃತದಿಂದ ಪಡೆದವು. ಭಾಷೆ, ಗುರು, ನರಕ, ದೋಷ ಕನ್ನಡದಲ್ಲೂ ಇವೆ. ಅಷ್ಟಕ್ಕೇ ಕನ್ನಡ ದ್ರಾವಿಡ ಬಳಗ ಬಿಟ್ಟು ಹೋಯಿತೇ?

ಸುಲಭಕ್ಕೆ ಎರವಲು ಬಾರದ ಪದಗಳನ್ನು ನೋಡಬೇಕು. ಕಣ್ಣಿಗೆ ಮಲಯದಲ್ಲಿ ‘ಮಾತಾ’. ಫಿಲಿಪ್ಪೀನ್ಸ್‌ನ ಟಗಾಲೊಗ್, ನ್ಯೂಜಿಲೆಂಡಿನ ಮಾವೊರಿಯಲ್ಲೂ ಅದೇ. ಒಡಿಯಾದಲ್ಲಿ ‘ಆಖಿ’, ಹಿಂದಿಯ ‘ಆಂಖ್’ನ ಒಡಹುಟ್ಟು. ಎರಡಕ್ಕೆ ಮಲಯ ‘ದುಆ’, ಒಡಿಯಾ ‘ದುಇ’ ಎನ್ನುತ್ತವೆ. ಲೇಖಕರು ಹಿಗ್ಗಿದ್ದು ಇಲ್ಲೇ. ಮಲಯದ ಬಳಗದವೇ ಆದ ಮಾವೊರಿಯ ‘ರುಆ’, ಹವಾಯಿಯ ‘ಲುಆ’ ಪದಗಳನ್ನು ಪಕ್ಕದಲ್ಲಿಟ್ಟು ನೋಡಿದರೆ ಈ ಹೋಲಿಕೆ ಬರೀ ಆಕಸ್ಮಿಕವೆಂದು ತಿಳಿಯುತ್ತದೆ. ಮುಂದಕ್ಕೆ ಎಣಿಸಿ: ತಿಗಾ, ಎಂಪಾತ್, ಲಿಮಾ ಎಲ್ಲಿ, ತಿನಿ, ಚಾರಿ, ಪಾಂಚ ಎಲ್ಲಿ!

ವ್ಯಾಕರಣವನ್ನಂತೂ ಲೇಖನ ಮುಟ್ಟಿಯೇ ಇಲ್ಲ. ‘ನಾನು ಅನ್ನ ತಿನ್ನುತ್ತೇನೆ’ ಎನ್ನಲು ಮಲಯದಲ್ಲಿ ‘ಆಕು ಮಾಕಾನ್ ನಾಸಿ’. ಕ್ರಿಯಾಪದ ನಡುವೆ ಬರುತ್ತದೆ, ನಿನ್ನೆ ತಿಂದರೂ ನಾಳೆ ತಿಂದರೂ ‘ಮಾಕಾನ್’ ಬದಲಾಗದು. ಒಡಿಯಾದಲ್ಲಿ ಕ್ರಿಯಾಪದ ನಮ್ಮಂತೆ ಕೊನೆಗೆ. ಖಾಏ, ಖಾಇಲಿ, ಖಾಇಬಿ ಎಂದು ಕಾಲಕ್ಕೆ ತಕ್ಕ ರೂಪ ತಾಳುತ್ತದೆ.

ಕಳಿಂಗದ, ಅಂದರೆ ಈಗಿನ ಒಡಿಶಾ ಕಡೆಯ ನಾವಿಕರು ಆಗ್ನೇಯ ಏಷ್ಯಾಕ್ಕೆ ಹೋಗುತ್ತಿದ್ದುದು ನಿಜ. ಕಟಕ್‌ನ ಬಾಲಿಯಾತ್ರೆ ಜಾತ್ರೆ ಆ ನೆನಪನ್ನು ಇಂದಿಗೂ ಉಳಿಸಿಕೊಂಡಿದೆ. ಆದರೆ ಸಂಪರ್ಕ ಬೇರೆ, ಹುಟ್ಟು ಬೇರೆ. ಸುಮಾತ್ರಾದಲ್ಲಿ ಸಿಕ್ಕ 683ರ ಕೆದುಕಾನ್ ಬುಕಿತ್ ಶಾಸನವನ್ನೇ ನೋಡಿ: ಲಿಪಿ ಪಲ್ಲವರದು, ಸಂಸ್ಕೃತ ಪದಗಳು ಸಾಕಷ್ಟಿವೆ, ಭಾಷೆ ಮಾತ್ರ ಹಳೆಯ ಮಲಯವೇ.