ಬೀರುವಿನೊಳಗಿನ ದೂರದರ್ಶಕ, ಐದು ಸೆಕೆಂಡಿನ ನೀಹಾರಿಕೆ



"ನೀಹಾರಿಕೆ ಟೆಂತ್ ಪರೀಕ್ಷೆಗೆ ಬರುತ್ತಾ ಸಾರ್?" ದೂರದರ್ಶಕದ ಮಾತೆತ್ತಿದಾಗಲೆಲ್ಲ ನಮಗೆ ಎದುರಾಗುವ ಪ್ರಶ್ನೆ ಇದು. ಹಿಂದೆಯೇ ಇನ್ನೊಂದು ಮಾತು, "ಅದೆಲ್ಲ ಇಂಗ್ಲಿಷ್ ಮೀಡಿಯಂನವರಿಗೆ ಬಿಡಿ." ದಾನಿಗಳು ಕೊಟ್ಟ ಪುಟ್ಟ ದೂರದರ್ಶಕ ಬೀರುವಿನಲ್ಲಿ ಬೀಗ ಹಾಕಿಸಿಕೊಂಡು ಕೂತಿರುವ ಶಾಲೆ ನಮ್ಮ ಆದವಾನಿ ಸುತ್ತಿನಲ್ಲೂ ಉಂಟು. ಒಡೆದರೆ ಯಾರು ಹೊಣೆ ಎಂಬ ಭಯ. ಗೋಡೆಯ ಮೇಲೆ ಮಾತ್ರ ಹಬಲ್ ತೆಗೆದ ಬಣ್ಣದ ಚಿತ್ರ!

ಈ ಎರಡು ಮಾತನ್ನೂ ನಾವು ಒಪ್ಪುವುದಿಲ್ಲ.

1880ರ ಸೆಪ್ಟೆಂಬರ್ 30ರಂದು ಅಮೆರಿಕದ ಹೆನ್ರಿ ಡ್ರೇಪರ್ ಮಹಾವ್ಯಾಧನ ನೀಹಾರಿಕೆಯ ಮೊದಲ ಫೋಟೋ ತೆಗೆದರು. 11 ಇಂಚಿನ ದೂರದರ್ಶಕ, 51 ನಿಮಿಷದ ಒಂದೇ ಎಕ್ಸ್‌ಪೋಷರ್. ಅಷ್ಟು ಹೊತ್ತೂ ಭೂಮಿ ತಿರುಗಿದಂತೆ ಕೊಳವೆಯನ್ನೂ ಕೂದಲೆಳೆ ತಪ್ಪದೆ ತಿರುಗಿಸುತ್ತಿರಬೇಕು. ಅಂಥ ಭಾರೀ ಸ್ಟ್ಯಾಂಡು ನಮ್ಮ ಶಾಲೆಗಳ ಕೈಗೆ ಎಟುಕದು, ನಿಜ. ಆದರೆ ಈಗ ಆ 51 ನಿಮಿಷವನ್ನು ಐದೈದು ಸೆಕೆಂಡುಗಳಾಗಿ ಒಡೆಯಬಹುದು. ಎಷ್ಟು ಫೋಟೋ ಆಯಿತು? 612. ಏಳನೇ ತರಗತಿಯ ಲೆಕ್ಕ. ಐದು ಸೆಕೆಂಡಿನಲ್ಲಿ ಸಣ್ಣ ಮೋಟಾರಿನ ಸಾಧಾರಣ ಸ್ಟ್ಯಾಂಡಿನ ತಪ್ಪು ಹೆಚ್ಚು ಕಾಣುವುದಿಲ್ಲ. ಗಾಳಿಗೆ ಅಲುಗಿದ ಫೋಟೋಗಳನ್ನು ಎಸೆದರಾಯಿತು. ಉಳಿದವನ್ನು ಸಿರಿಲ್, ಡೀಪ್‌ಸ್ಕೈಸ್ಟ್ಯಾಕರ್ ಎಂಬ ಉಚಿತ ತಂತ್ರಾಂಶಗಳು ನಕ್ಷತ್ರಕ್ಕೆ ನಕ್ಷತ್ರ ಹೊಂದಿಸಿ ಒಂದರ ಮೇಲೊಂದು ಪೇರಿಸುತ್ತವೆ. ನೀಹಾರಿಕೆಯ ಬೆಳಕು ಪ್ರತಿ ಫೋಟೋದಲ್ಲೂ ಅದೇ ಜಾಗದಲ್ಲಿರುತ್ತದೆ. ಕಾಳುಕಾಳಾದ ಗದ್ದಲ ಮಾತ್ರ ಒಂದೊಂದರಲ್ಲೂ ಬೇರೆ ಬೇರೆ. ಸರಾಸರಿ ಮಾಡಿದರೆ 612ರ ವರ್ಗಮೂಲದಷ್ಟು, ಅಂದರೆ ಸುಮಾರು 25 ಪಟ್ಟು, ಆ ಗದ್ದಲ ತಗ್ಗುತ್ತದೆ. ವರ್ಗಮೂಲ ಯಾಕೆ ಕಲಿಯಬೇಕು ಎಂದು ಕೇಳುವ ಹುಡುಗನಿಗೆ ಇದಕ್ಕಿಂತ ಉತ್ತರ ಬೇಕೇ?

ಎಲ್ಲವೂ ಸಿಗುತ್ತದೆ ಎಂದೇನೂ ನಾವು ಹೇಳುತ್ತಿಲ್ಲ. ಪ್ರತಿ ಫೋಟೋಗೂ ಕ್ಯಾಮೆರಾ ತನ್ನದೇ ಒಂದಿಷ್ಟು ಗದ್ದಲ ಸೇರಿಸುತ್ತದೆ. ತೀರಾ ಮಂಕು ನೀಹಾರಿಕೆಗಳು ಅದರಲ್ಲೇ ಮುಳುಗುತ್ತವೆ. ಜಲಜನಕದ ಕೆಂಪನ್ನು ಸಾಮಾನ್ಯ ಕ್ಯಾಮೆರಾದೊಳಗಿನ ಫಿಲ್ಟರ್ ಬಹುಪಾಲು ತಡೆಯುತ್ತದೆ. ಪೋಸ್ಟರಿನ ಬಣ್ಣ ಬಾರದು. ಆದರೆ ಸುಮಾರು 1,350 ಜ್ಯೋತಿರ್ವರ್ಷ ದೂರದ, ಮಹಾವ್ಯಾಧನ ಕತ್ತಿಯ ನಡುವಿನ ಆ ಮೋಡ ಬಂದೇ ಬರುತ್ತದೆ.

ಇನ್ನು ಭಾಷೆಯ ತಕರಾರು. ಹೊಳಗುಂದ, ಕೌತಾಳಂ, ಕೋಸಗಿ ಕಡೆಯ ನಮ್ಮ ಮಕ್ಕಳು ಮೃಗಶಿರ, ಆರಿದ್ರಾ ಎಂದು ಮಳೆ ಎಣಿಸುವ ಅಜ್ಜಂದಿರ ಮನೆಯಿಂದ ಬರುತ್ತಾರೆ. ಆ ಆರಿದ್ರಾ ಬೇರೇನಲ್ಲ, ಮಹಾವ್ಯಾಧನ ಭುಜದ ಕೆಂಪು ನಕ್ಷತ್ರ. ಜೂನ್ ಕೊನೆಗೆ ಸೂರ್ಯ ಅದರ ದಿಕ್ಕಿನಲ್ಲಿರುತ್ತಾನೆ, ಅದಕ್ಕೇ ಆಗ ಆರಿದ್ರಾ ಮಳೆ, ಅದಕ್ಕೇ ಆಗ ನಕ್ಷತ್ರ ಕಾಣದು. ಆರು ತಿಂಗಳು ಕಳೆದರೆ ರಾತ್ರಿಯೆಲ್ಲ ಕಾಣುತ್ತದೆ. ಇದನ್ನು ಇಂಗ್ಲಿಷಿನಲ್ಲಿ ಹೇಳಿದರೆ ಯಾವ ಮಗುವಿಗೆ ತಿಳಿದೀತು ಸ್ವಾಮಿ? ಜಿ.ಟಿ. ನಾರಾಯಣ ರಾವ್ ಅವರು ಖಗೋಳ ವಿಜ್ಞಾನವನ್ನು ಕನ್ನಡದಲ್ಲೇ ಬರೆದಿಟ್ಟು ಹೋದರು. ಪದಗಳಿಲ್ಲ ಎನ್ನುವವರು ಅವರ ಪುಸ್ತಕ ತೆರೆದಿಲ್ಲ, ಅಷ್ಟೇ.

ಹೆತ್ತವರು ಟಿ.ಸಿ. ಕೇಳಲು ಬಂದಾಗ "ಕನ್ನಡದಲ್ಲಿ ಸೈನ್ಸ್ ಬರಲ್ಲ" ಎನ್ನುತ್ತಾರೆ. ಬೀರುವಿಗೆ ಬೀಗ ಹಾಕುವವರು ಆ ಮಾತನ್ನು ನಿಜ ಮಾಡಿ ತೋರಿಸುತ್ತಿದ್ದಾರೆ.

ಮುಂದಿನ ವರ್ಷ ನೋಡೋಣ ಎನ್ನುವವರಿಗೂ ಒಂದು ಮಾತು. ಮಹಾವ್ಯಾಧ ಚೆನ್ನಾಗಿ ಕಾಣುವ ತಿಂಗಳುಗಳಲ್ಲೇ ನಮ್ಮ ಮಕ್ಕಳು ಅಪ್ಪ ಅಮ್ಮನ ಜೊತೆ ಗುಂಟೂರು ಕಡೆಗೆ ಮೆಣಸಿನಕಾಯಿ ಬಿಡಿಸಲು ಸುಗ್ಗಿಗೆ ಹೋಗುತ್ತಾರೆ. ಯುಗಾದಿ ಹೊತ್ತಿಗೆ ತಿರುಗಿ ಬಂದಾಗ ಆತ ಪಡುವಣಕ್ಕೆ ಜಾರಿರುತ್ತಾನೆ. ಉಳಿಯುವುದು ಡಿಸೆಂಬರಿನ ಅಮಾವಾಸ್ಯೆ ಆಸುಪಾಸಿನ ನಾಲ್ಕಾರು ರಾತ್ರಿ. ಬೀಗದ ಕೈ ಯಾರ ಬಳಿ ಇದೆ ಎಂದು ಈಗಲೇ ವಿಚಾರಿಸಿಡಿ.